ಬಾಡಿಗೆ ಕೊಟ್ಟವನು ಅತಿಥಿಯೇ?

ಹಾಂಗ್‌ಕಾಂಗ್‌ನ ಕೌಲೂನ್‌ನಲ್ಲಿ, ನೇಥನ್ ರಸ್ತೆಯ ದಕ್ಷಿಣ ತುದಿಗೆ ಹತ್ತಿರ, ಚುಂಗ್‌ಕಿಂಗ್ ಮ್ಯಾನ್ಶನ್ಸ್ ಎಂಬ ಕಟ್ಟಡವಿದೆ. 17 ಅಂತಸ್ತು, ಒಂದೇ ತಳಹದಿಯ ಮೇಲೆ ಎದ್ದು ನಿಂತ ಐದು ಬ್ಲಾಕುಗಳು. 1961ರಲ್ಲಿ ಕಟ್ಟಿ ಮುಗಿಸಿದಾಗ ಅದು ಅನುಕೂಲಸ್ಥರ ವಸತಿ. ಇವತ್ತು ನೆಲಮಹಡಿಯಲ್ಲಿ ಹಣ ಬದಲಿಸಿಕೊಡುವವರು, ಸಮೋಸಾ ಕರಿಯುವವರು, ಮೊಬೈಲು ಮತ್ತು ಸಿಮ್ ಕಾರ್ಡು ಮಾರುವವರು ಇದ್ದಾರೆ. ಮೇಲಿನ ಮಹಡಿಗಳಲ್ಲಿ ಅಗ್ಗದ ಗೆಸ್ಟ್‌ಹೌಸುಗಳು ಒತ್ತೊತ್ತಾಗಿ ತುಂಬಿಕೊಂಡಿವೆ. ಐದು ನಿಮಿಷ ನಡೆದರೆ ಸಿಗುವುದು 1928ರಿಂದ ಸಿರಿವಂತರನ್ನು ಉಪಚರಿಸುತ್ತ ಬಂದಿರುವ ಪೆನಿನ್ಸುಲಾ ಹೋಟೆಲು. ಅಲ್ಲಿ ಒಂದು ರಾತ್ರಿಗೆ ತೆರುವ ದುಡ್ಡಿನಲ್ಲಿ ಇಲ್ಲಿ ವಾರಗಟ್ಟಲೆ ಮಲಗಬಹುದು.

ಬಾಗಿಲಲ್ಲೇ ದಲ್ಲಾಳಿಗಳು ಅಡ್ಡಗಟ್ಟಿ ರೂಮು ಬೇಕೆ ಎಂದು ಕೇಳುತ್ತಾರೆ. ಪ್ರತಿ ಬ್ಲಾಕಿಗೆ ಎರಡೇ ಲಿಫ್ಟು; ಒಂದು ಸಮಸಂಖ್ಯೆಯ ಮಹಡಿಗಳಿಗೆ, ಇನ್ನೊಂದು ಬೆಸಸಂಖ್ಯೆಯವಕ್ಕೆ. ಭಾರ ಹೆಚ್ಚಾದರೆ ಲಿಫ್ಟು ಕಿರುಚುತ್ತದೆ. ಕೊನೆಗೆ ಹತ್ತಿದವರು ಇಳಿದು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೇಲೆ ಹೋದರೆ ಪುಟ್ಟ ಕೌಂಟರು. ಪಾಸ್‌ಪೋರ್ಟು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ, ದುಡ್ಡು ಎಣಿಸಿಕೊಳ್ಳುತ್ತಾರೆ, ಬೀಗದ ಕೈ ಕೊಡುತ್ತಾರೆ. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಾಸಿಗೆ. ಸ್ನಾನಕ್ಕೂ ಶೌಚಕ್ಕೂ ಒಂದೇ ಚಿಕ್ಕ ಚೌಕ. ಇಷ್ಟೇ ವ್ಯವಹಾರ. ಬಂದವನ ಕಾಲಿಗೆ ನೀರಿಲ್ಲ, ಪ್ರಯಾಣ ಹೇಗಾಯಿತೆಂದು ವಿಚಾರಿಸುವವರಿಲ್ಲ.

ಇಂಥ ಕಡೆ ತಂಗಿದವನನ್ನು ಅತಿಥಿ ಎನ್ನಬಹುದೇ? ಆತಿಥ್ಯವನ್ನು ಧರ್ಮವೆಂದು ಬಗೆದ ನಾಡಿನಲ್ಲಿ ಬೆಳೆದವರು ಈ ಪ್ರಶ್ನೆಗೆ ತಟ್ಟನೆ ಇಲ್ಲ ಎನ್ನುತ್ತಾರೆ. ದುಡ್ಡು ಕೈ ಬದಲಾದ ಕ್ಷಣಕ್ಕೇ ಅದು ವ್ಯಾಪಾರವಾಯಿತು, ಋಣ ಅಲ್ಲಿಗೇ ತೀರಿತು, ಧರ್ಮಕ್ಕೆ ಅಲ್ಲೇನು ಕೆಲಸ ಎಂಬುದು ಅವರ ವಾದ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದ ಆತಿಥ್ಯದ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಆ ಚರಿತ್ರೆಯಲ್ಲಿ ದಾನವಾಗಿ ತೆರೆದ ಬಾಗಿಲುಗಳಷ್ಟೇ ಧರ್ಮದ ಹೆಸರಿನಲ್ಲಿ ಮುಚ್ಚಿದ ಬಾಗಿಲುಗಳೂ ಇವೆ. ಹಾಗೆ ಮುಚ್ಚಿದ ಎಷ್ಟೋ ಬಾಗಿಲುಗಳನ್ನು ದುಡ್ಡು ತೆರೆಸಿದೆ.

ಮೊದಲು ಬಾಗಿಲು ತೆರೆದವರ ಮಾತು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರು, ತಾಯಿ, ತಂದೆ, ಆಚಾರ್ಯರ ಸಾಲಿನಲ್ಲೇ ಅತಿಥಿಯನ್ನೂ ದೇವರೆಂದು ಕಾಣುವಂತೆ ಹೇಳುತ್ತಾನೆ. ಕಠೋಪನಿಷತ್ತು ಇದಕ್ಕಿಂತ ಮುಂದೆ ಹೋಗುತ್ತದೆ. ಯಮನ ಮನೆ ಬಾಗಿಲಿಗೆ ಬಂದ ಬಾಲಕ ನಚಿಕೇತ ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಮರಳಿ ಬಂದ ಮೃತ್ಯುದೇವತೆ ಆ ಹುಡುಗನಿಗೆ ನಮಸ್ಕರಿಸಿ, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಟ್ಟು ತಪ್ಪನ್ನು ಸರಿಪಡಿಸಿಕೊಳ್ಳುತ್ತಾನೆ. ಅತಿಥಿಯನ್ನು ಹಸಿದಿರಿಸಿದ ಮನೆಯವನ ಆಸೆ, ಪುಣ್ಯ, ಮಕ್ಕಳು, ದನಕರು ಎಲ್ಲವೂ ನಾಶವಾಗುತ್ತವೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಸಾವಿನ ದೇವತೆಯೇ ಅಂಜಿ ನಡೆದುಕೊಳ್ಳುವ ಕಟ್ಟಳೆ ಅದು.

ಚುಂಗ್‌ಕಿಂಗ್ ಮ್ಯಾನ್ಶನ್ಸ್‌ನಲ್ಲಿ ತಂಗುವವರಲ್ಲಿ, ಅಂಗಡಿ ಇಟ್ಟವರಲ್ಲಿ ಮುಸ್ಲಿಮರು ಬಹಳ. ಅದೇ ರಸ್ತೆಯಲ್ಲಿ ತುಸು ಮುಂದೆ ಕೌಲೂನ್ ಮಸೀದಿಯಿದೆ. ಬ್ರಿಟಿಷ್ ಸೇನೆಯಲ್ಲಿದ್ದ ಭಾರತೀಯ ಮುಸ್ಲಿಂ ಸೈನಿಕರಿಗಾಗಿ 1896ರಲ್ಲಿ ಶುರುವಾದ ಆ ಮಸೀದಿಯ ಈಗಿನ ಕಟ್ಟಡ 1984ರದು. ಇಸ್ಲಾಮಿನಲ್ಲೂ ಪ್ರಯಾಣಿಕನಿಗೆ ಹಕ್ಕಿದೆ. ಜಕಾತ್ ಪಡೆಯಬಹುದಾದ ಎಂಟು ಬಗೆಯ ಜನರಲ್ಲಿ ದಾರಿಹೋಕನೂ ಒಬ್ಬನೆಂದು ಕುರಾನ್ ಎಣಿಸುತ್ತದೆ. ಅತಿಥಿಯ ಹಕ್ಕು ಮೂರು ದಿನ, ಅದರಾಚೆಗಿನದು ದಾನ ಎಂದು ಪ್ರವಾದಿಯವರ ಮಾತುಗಳ ಸಂಗ್ರಹ ಹೇಳುತ್ತದೆ. ಯಮನ ಮನೆಯ ಮೂರು ರಾತ್ರಿ, ಮರುಭೂಮಿಯ ಮೂರು ದಿನ: ಎರಡು ದೂರದ ಪರಂಪರೆಗಳು ಒಂದೇ ಲೆಕ್ಕಕ್ಕೆ ಬಂದಿವೆ. ಅಪರಿಚಿತನಿಗೆ ಬಾಗಿಲು ತೆರೆಯುವುದು ಮನೆಯವನ ಮರ್ಜಿಗೆ ಬಿಟ್ಟ ಮಾತಲ್ಲ ಎಂಬುದರಲ್ಲಿ ಎರಡಕ್ಕೂ ಒಮ್ಮತ.

ಆದರೆ ಅಪರಿಚಿತನೆಂದರೆ ಯಾರು? ಇಲ್ಲಿಂದಲೇ ಶಾಸ್ತ್ರದ ಕೈ ಬಿಗಿಯಾಗುತ್ತದೆ. ಮನುಸ್ಮೃತಿಯ ಮೂರನೆಯ ಅಧ್ಯಾಯ ಅತಿಥಿಯನ್ನು ಬಹಳ ಗೌರವದಿಂದ ಕಾಣುತ್ತದೆ. ಒಂದು ಊಟಕ್ಕಾಗಿ ಬ್ರಾಹ್ಮಣ ತನ್ನ ಕುಲಗೋತ್ರ ಹೇಳಿಕೊಳ್ಳಬಾರದು ಎಂಬ ಒಳ್ಳೆಯ ಮಾತೂ ಅಲ್ಲಿದೆ. ಅದರ ಬೆನ್ನಿಗೇ, ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯ ಅತಿಥಿಯೆನಿಸುವುದಿಲ್ಲ, ವೈಶ್ಯ ಶೂದ್ರರು ಬಂದರೆ ಆಳುಗಳ ಜೊತೆಗೆ ಉಣ್ಣಿಸಬೇಕು ಎಂಬ ವಿಧಿಯೂ ಇದೆ. ಊರ ಹೊರಗೆ ಇಟ್ಟವರ ಪ್ರಸ್ತಾಪವನ್ನೇ ಆ ಪ್ರಕರಣ ಅತಿಥಿಗಳ ನಡುವೆ ಮಾಡುವುದಿಲ್ಲ. ಅತಿಥಿ ದೇವರಾಗುವ ಮೊದಲು ಅವನ ಜಾತಿ ಗೊತ್ತಾಗಿರಬೇಕು! ಬಂದವರ ಕುಲ ವಿಚಾರಿಸದೆ ನಮ್ಮ ಮನೆಯವರೆಂದೇ ಎಣಿಸಬೇಕೆಂಬ ಬಸವಣ್ಣನವರ ವಚನ ಕನ್ನಡಿಗರಿಗೆ ಬಾಯಿಪಾಠವಾಗಿರುವುದು ಈ ಕಾರಣಕ್ಕೇ. 12ನೇ ಶತಮಾನದ ಕಲ್ಯಾಣದಲ್ಲಿ ಆ ಮಾತು ಒಂದು ಕಟ್ಟಳೆಯನ್ನೇ ಎದುರು ಹಾಕಿಕೊಂಡ ಮಾತಾಗಿತ್ತು.

ಆ ಕಟ್ಟಳೆ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯಲು 20ನೇ ಶತಮಾನದ ಒಂದು ಅಗ್ಗದ ವಸತಿಗೃಹದ ಕತೆ ಸಾಕು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಲಂಡನ್ನಿನಲ್ಲೂ ಓದಿ 1917ರಲ್ಲಿ ಮರಳಿದ ಭೀಮರಾವ್ ಅಂಬೇಡ್ಕರ್, ತಮಗೆ ವಿದ್ಯಾರ್ಥಿವೇತನ ಕೊಟ್ಟಿದ್ದ ಬರೋಡ ಸಂಸ್ಥಾನದ ಸೇವೆಗೆ ಹೋದರು. ಆ ಊರಿನಲ್ಲಿ ಉಳಿಯುವುದೆಲ್ಲಿ? ಹಿಂದೂ ಹೋಟೆಲುಗಳು ಅಸ್ಪೃಶ್ಯನನ್ನು ಒಳಗೆ ಬಿಡವು. ಪಾರ್ಸಿಗಳ ವಸತಿಗೃಹವೊಂದಿತ್ತು. ಪಾರ್ಸಿ ಧರ್ಮದಲ್ಲಿ ಅಸ್ಪೃಶ್ಯತೆಯಿಲ್ಲ ಎಂಬ ನಂಬಿಕೆಯಿಂದ ಅಲ್ಲಿಗೆ ಹೋದರು. ಅವರು ಕೋಟು ತೆಗೆದಾಗ ಒಳಗೆ ಪಾರ್ಸಿಗಳು ತೊಡುವ ಪವಿತ್ರ ಅಂಗಿ ಕಾಣದ್ದರಿಂದ ಉಸ್ತುವಾರಿಯವನಿಗೆ ಗುಟ್ಟು ತಿಳಿಯಿತು. ಪಾರ್ಸಿಯಲ್ಲದವರಿಗೆ ಜಾಗವಿಲ್ಲವೆಂದ. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದುಕೋ, ಉಳಿದದ್ದು ನನಗಿರಲಿ ಎಂದು ಅಂಬೇಡ್ಕರ್ ಕೇಳಿಕೊಂಡರು. ಗಿರಾಕಿಗಳಿಲ್ಲದೆ ಸಂಪಾದನೆಗೆ ಕಷ್ಟಪಡುತ್ತಿದ್ದ ಅವನು ಒಪ್ಪಿದ. ಊಟ ವಸತಿ ಸೇರಿ ದಿನಕ್ಕೆ ಒಂದೂವರೆ ರೂಪಾಯಿ.

ಹೀಗೆ, ಧರ್ಮ ತೆರೆಯದಿದ್ದ ಬಾಗಿಲನ್ನು ಒಬ್ಬ ಬಡ ಉಸ್ತುವಾರಿಯ ಹಣದ ಅಗತ್ಯ ತೆರೆಸಿತು. ಹನ್ನೊಂದನೆಯ ದಿನ ಬೆಳಿಗ್ಗೆ ಅಂಬೇಡ್ಕರ್ ಕಚೇರಿಗೆ ಹೊರಡುವ ಹೊತ್ತಿಗೆ ಒಂದು ಡಜನ್‌ನಷ್ಟು ಜನ ಕೋಲು ಹಿಡಿದು ಮೆಟ್ಟಿಲೇರಿ ಬಂದರು. ವಸತಿಗೃಹವನ್ನು ಮೈಲಿಗೆ ಮಾಡಿದೆಯೆಂದು ಕೂಗಾಡಿ, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿ ಹೋದರು. ಆ ದಿನ ಅವರು ಸ್ನೇಹಿತರ ಮನೆಗಳಲ್ಲಿ ವಿಚಾರಿಸಿದರು. ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್, ಇಬ್ಬರೂ ನೆಪ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಾದು ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು. ಮುಂದೆ ಇದನ್ನೆಲ್ಲ ಬರೆದಿಟ್ಟ ಆತ್ಮಕಥನದ ತುಣುಕುಗಳಿಗೆ ಅವರು ಇಟ್ಟ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಸ್ವಂತ ದೇಶದಲ್ಲೇ ಪ್ರವೇಶಕ್ಕೆ ಪರವಾನಗಿ ಕಾಯಬೇಕಾದವನ ನೋವು ಆ ಹೆಸರಿನಲ್ಲಿದೆ.

ಈ ಘಟನೆಯನ್ನು ಜಾತಿಯ ಕ್ರೌರ್ಯದ ಉದಾಹರಣೆಯಾಗಿ ಎಲ್ಲರೂ ಓದುತ್ತಾರೆ, ಓದಲೇಬೇಕು. ಆತಿಥ್ಯದ ತತ್ತ್ವಕ್ಕೂ ಅದು ದೊಡ್ಡ ಪಾಠ. ಅಂಬೇಡ್ಕರ್ ದಾನ ಬೇಡಲಿಲ್ಲ, ಪಾದಪೂಜೆ ಬೇಡಲಿಲ್ಲ. ಬಾಡಿಗೆ ಕೊಟ್ಟು ಮಲಗುವ ಹಕ್ಕಷ್ಟೇ ಅವರಿಗೆ ಬೇಕಿತ್ತು. ಅತಿಥಿಯನ್ನು ದೇವರೆಂದು ಹೊಗಳುವ ಸಮಾಜಕ್ಕೆ ಅಷ್ಟು ಚಿಕ್ಕ ಹಕ್ಕನ್ನು ಕೊಡಲಾಗಲಿಲ್ಲ. ಅವರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 15ನೇ ವಿಧಿಯ ಎರಡನೆಯ ಉಪವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಪ್ರವೇಶಿಸಲು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಯಾವುದೂ ಅಡ್ಡಿಯಾಗಕೂಡದು ಎನ್ನುತ್ತದೆ. ಮೂಲಭೂತ ಹಕ್ಕುಗಳ ನಡುವೆ ಹೋಟೆಲು ಕಾಣಿಸಿಕೊಂಡದ್ದನ್ನು ಕಂಡು ಅಚ್ಚರಿಪಡುವವರು ಬರೋಡದ ಆ ಸಂಜೆಯನ್ನು ನೆನೆಯಲಿ.

ಚುಂಗ್‌ಕಿಂಗ್ ಮ್ಯಾನ್ಶನ್ಸ್‌ನ ರಿಜಿಸ್ಟರುಗಳ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿ. ಹಾಂಗ್‌ಕಾಂಗ್‌ನ ಚೈನೀಸ್ ಯೂನಿವರ್ಸಿಟಿಯ ಮಾನವಶಾಸ್ತ್ರಜ್ಞ ಗಾರ್ಡನ್ ಮ್ಯಾಥ್ಯೂಸ್ 2006ರಿಂದ ವರ್ಷಗಟ್ಟಲೆ ಅಲ್ಲಿ ರಾತ್ರಿ ಕಳೆದು, ಅಂಗಡಿಯವರು, ವ್ಯಾಪಾರಿಗಳು, ಪ್ರವಾಸಿಗಳು, ಆಶ್ರಯ ಬೇಡಿ ಬಂದವರೊಂದಿಗೆ ಮಾತಾಡಿ, 2011ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕಟ್ಟಡದಲ್ಲಿ ಒಂದು ರಾತ್ರಿಗೆ ಸುಮಾರು 4,000 ಜನ ಮಲಗುತ್ತಾರೆಂದು ಅವರ ಅಂದಾಜು. ಗೆಸ್ಟ್‌ಹೌಸುಗಳ ದಾಖಲೆಗಳಿಂದಲೂ ತಾವು ಕಂಡವರಿಂದಲೂ ಅವರು ಎಣಿಸಿದ ರಾಷ್ಟ್ರೀಯತೆಗಳು 129. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಆ ಕಾಲಕ್ಕೆ ಬಳಕೆಯಲ್ಲಿದ್ದ ಮೊಬೈಲುಗಳಲ್ಲಿ ಐದರಲ್ಲಿ ಒಂದು ಈ ಕಟ್ಟಡದ ಮೂಲಕ ಹೋಗಿರಬಹುದೆಂದೂ ಅವರು ಲೆಕ್ಕ ಹಾಕಿದ್ದರು. ದಕ್ಷಿಣ ಚೀನಾದ ಕಾರ್ಖಾನೆಗಳ ಸಾಮಾನು ಕೊಳ್ಳಲು ಬಂದ ನೈಜೀರಿಯಾ, ತಾಂಜಾನಿಯಾ, ಕೀನ್ಯಾದ ಸಣ್ಣ ವ್ಯಾಪಾರಿಗಳಿಗೆ ಬೆಲೆಬಾಳುವ ಹೋಟೆಲು ಎಟುಕದು. ಅಗ್ಗದ ಹಾಸಿಗೆ ಇಲ್ಲದಿದ್ದರೆ ಆ ವ್ಯಾಪಾರವೇ ಇರುತ್ತಿರಲಿಲ್ಲ.

ಕಟ್ಟಡದ ಹೆಸರು ಕೆಟ್ಟಿದ್ದ ಕಾಲವೂ ಇತ್ತು. 1988ರ ಬೆಂಕಿಯಲ್ಲಿ ಡೆನ್ಮಾರ್ಕಿನ ಪ್ರವಾಸಿಯೊಬ್ಬ ಸತ್ತ. 1993ರಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಇಡೀ ಕಟ್ಟಡ ಕತ್ತಲಲ್ಲಿತ್ತು. ಹಾಂಗ್‌ಕಾಂಗ್‌ನ ಎಷ್ಟೋ ಚೀನೀಯರು ಒಳಗೆ ಕಾಲಿಡಲು ಹೆದರುತ್ತಿದ್ದರು. ನಿಧಾನಕ್ಕೆ ಕ್ಯಾಮೆರಾಗಳು, ಕಾವಲುಗಾರರು, ಪರವಾನಗಿಯ ಕಟ್ಟುನಿಟ್ಟು ಬಂದವು.

ಮ್ಯಾಥ್ಯೂಸ್ ಕಂಡ ಒಂದು ಸಂಗತಿ ತತ್ತ್ವಶಾಸ್ತ್ರದ ಪಾಠಕ್ಕೆ ತಕ್ಕದ್ದು. ತಾಯ್ನಾಡಿನಲ್ಲಿ ಒಬ್ಬರನ್ನೊಬ್ಬರು ಶತ್ರುವೆಂದು ಬಗೆಯುವ ಭಾರತೀಯರೂ ಪಾಕಿಸ್ತಾನಿಗಳೂ ಇಲ್ಲಿ ಅಕ್ಕಪಕ್ಕದಲ್ಲಿ ಅಂಗಡಿ ಇಟ್ಟು, ಒಂದೇ ಲಿಫ್ಟಿನಲ್ಲಿ ಮೈಗೆ ಮೈ ತಾಗಿಸಿ ಮೇಲೇರುತ್ತಾರೆ. ಪ್ರೀತಿ ಉಕ್ಕಿ ಹರಿದದ್ದಕ್ಕಲ್ಲ. ಬಂದಿರುವುದು ದುಡಿಯಲಿಕ್ಕೆ, ಜಗಳಕ್ಕೆ ಯಾರಿಗೂ ಪುರಸತ್ತಿಲ್ಲ. 1795ರಲ್ಲಿ ಇಮ್ಯಾನುಯೆಲ್ ಕಾಂಟ್ ಬರೆದ ‘ಶಾಶ್ವತ ಶಾಂತಿ’ ಎಂಬ ಕಿರುಪುಸ್ತಕದಲ್ಲಿ ಇದೇ ಅರ್ಥದ ಮಾತಿದೆ: ವ್ಯಾಪಾರದ ಮನೋಧರ್ಮ ಯುದ್ಧದ ಜೊತೆ ಬಹುಕಾಲ ಬಾಳಲಾರದು, ಅದು ಇವತ್ತಲ್ಲ ನಾಳೆ ಎಲ್ಲ ಜನಾಂಗಗಳನ್ನೂ ಹಿಡಿಯುತ್ತದೆ. ಹುಟ್ಟೂರು ಕೋನಿಗ್ಸ್‌ಬರ್ಗಿನ ಸುತ್ತಮುತ್ತಲಿನ ಸೀಮೆಯಿಂದ ಆಚೆ ಹೋಗದ ತತ್ತ್ವಜ್ಞಾನಿ ಇಡೀ ಭೂಮಿಯ ಪ್ರಯಾಣಿಕರ ಹಕ್ಕಿನ ಬಗ್ಗೆ ಯೋಚಿಸಿದ. ಭೂಮಿ ಗುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ಕೊನೆಯಿಲ್ಲದಂತೆ ದೂರ ಸರಿಯಲು ಬರುವುದಿಲ್ಲ, ಆದ್ದರಿಂದ ಬಂದವನನ್ನು ಶತ್ರುವೆಂದು ಕಾಣದಿರುವುದು ದಯೆಯ ಮಾತಲ್ಲ, ಹಕ್ಕಿನ ಮಾತು ಎಂದ. ಆದರೆ ಅದು ಭೇಟಿಯ ಹಕ್ಕು ಮಾತ್ರ. ನೆಲೆಸುವ ಹಕ್ಕನ್ನು ಅವನು ಕೊಡಲಿಲ್ಲ. ಅದಕ್ಕೆ ಬೇರೆಯೇ ಒಪ್ಪಂದ ಬೇಕು ಎಂದ.

ಈ ಮಿತಿಗೆ ಕಾರಣವಿತ್ತು. ವ್ಯಾಪಾರಕ್ಕೆಂದು ಹೋಗಿ ದೇಶವನ್ನೇ ನುಂಗುವ ಯುರೋಪಿನವರ ಚಾಳಿಯನ್ನು ಕಾಂಟ್ ಕಟುವಾಗಿ ಟೀಕಿಸಿದ. ಅಂಥ ಅತಿಥಿಗಳನ್ನು ಬಾಗಿಲಲ್ಲೇ ತಡೆದ ಚೀನಾ, ಜಪಾನುಗಳದು ಜಾಣತನವೆಂದ. ಅವನು ಹೆದರಿದ್ದೇ ನಡೆಯಿತು. ಅಫೀಮಿನ ಯುದ್ಧ ಮಾಡಿ ಬ್ರಿಟಿಷರು 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನೂ 1860ರಲ್ಲಿ ಕೌಲೂನ್ ಪರ್ಯಾಯದ್ವೀಪವನ್ನೂ ಕಿತ್ತುಕೊಂಡರು. ಚುಂಗ್‌ಕಿಂಗ್ ಮ್ಯಾನ್ಶನ್ಸ್ ನಿಂತಿರುವುದು ಅತಿಥಿಯಾಗಿ ಬಂದು ಯಜಮಾನರಾದವರು ಕಸಿದುಕೊಂಡ ನೆಲದ ಮೇಲೆ. ಅವರ ಸೈನಿಕರಾಗಿ, ಪೊಲೀಸರಾಗಿ, ಕಾವಲುಗಾರರಾಗಿ ಬಂದ ಪಂಜಾಬಿಗಳು, ಪಠಾಣರು ಹಾಕಿದ ದಾರಿಯಲ್ಲೇ ದಕ್ಷಿಣ ಏಷ್ಯಾದವರು ಈ ಊರಿಗೆ ಹೋದರು. ಬಾಗಿಲು ಕಾಯುವವನ ಅನುಮಾನವೂ ಬಾಗಿಲು ತಟ್ಟುವವನ ಹಕ್ಕೂ ಎರಡೂ ನಿಜವೆಂದು ಈ ಊರು ಬಲ್ಲದು.

ಹಾಗಾದರೆ ಅಗ್ಗದ ಗೆಸ್ಟ್‌ಹೌಸು ಕೊಡುವುದೇನು? ಅದು ಕೊಡುವುದು ಒಂದು ಬಗೆಯ ಸಮಾನತೆ. ಉಚಿತವಾಗಿ ಉಂಡವನು ಕೊಟ್ಟವನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ದಾಸೋಹದ ಪರಂಪರೆ ಇದನ್ನು ಚೆನ್ನಾಗಿ ಅರಿತಿತ್ತು. ಕೊಡುವವನು ತಾನು ದಾಸನೆಂದು ತಿಳಿಯದೆ ಕೊಟ್ಟರೆ ಅದು ದಾಸೋಹವಲ್ಲ ಎಂದು ಶರಣರು ಒತ್ತಿ ಹೇಳಿದ್ದು ಅದಕ್ಕೇ. ಆ ವಿನಯ ಎಲ್ಲ ಮನೆಯವರಿಗೂ ಬರುವುದಿಲ್ಲ. ಬಾಡಿಗೆ ತೆತ್ತವನು ಯಾರ ವಿನಯವನ್ನೂ ನೆಚ್ಚಬೇಕಿಲ್ಲ. ತನ್ನ ಕತೆ ಹೇಳಿಕೊಳ್ಳಬೇಕಿಲ್ಲ, ಕೃತಜ್ಞತೆ ನಟಿಸಬೇಕಿಲ್ಲ. ಕದ ಹಾಕಿ ಚಿಲಕ ಹಾಕಿಕೊಂಡರೆ ನಸುಕಿನವರೆಗೆ ಆ ನಾಲ್ಕು ಗೋಡೆ ಅವನವು. ಕೌಂಟರಿನಲ್ಲಿ ಕೂತವನಿಗೂ ಒಂದು ಧರ್ಮವಿದೆ. ರೂಮು ಖಾಲಿಯಿದ್ದು, ಬಾಡಿಗೆ ಕೊಡುವವನು ಎದುರಿಗಿದ್ದು, ಅವನ ಮೈಬಣ್ಣ ನೋಡಿಯೋ ಹೆಸರು ಕೇಳಿಯೋ ಇಲ್ಲವೆನ್ನದಿರುವುದು. ಇದು ಚಿಕ್ಕ ಧರ್ಮವಲ್ಲ. ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಹುಡುಕಿದ ದಲಿತರನ್ನೋ ಮುಸ್ಲಿಮರನ್ನೋ ಈಶಾನ್ಯದಿಂದ ಬಂದ ಹುಡುಗ ಹುಡುಗಿಯರನ್ನೋ ಕೇಳಿದರೆ, ಮುಂಗಡ ಎಣಿಸಿಕೊಡಲು ಸಿದ್ಧರಿದ್ದರೂ ಹೆಸರು ಹೇಳಿದ ಮೇಲೆ ಮಾಲೀಕರ ದನಿ ಹೇಗೆ ಬದಲಾಯಿತೆಂದು ಹೇಳುತ್ತಾರೆ.

ದುಡ್ಡು ಬಂದದ್ದರಿಂದ ಆತಿಥ್ಯ ಸಾಯುವುದಿಲ್ಲ. ಅದು ಸಾಯುವುದು ದುಡ್ಡು ಇದ್ದರೂ ಒಳಗೆ ಬಿಡದಾಗ. ಮತ್ತು ದುಡ್ಡೇ ಇಲ್ಲದವನು ಬಂದಾಗ.

ಎರಡನೆಯದು ಹೆಚ್ಚು ಕಷ್ಟದ ಪ್ರಶ್ನೆ. ಫ್ರೆಂಚ್ ಚಿಂತಕ ಜಾಕ್ ಡೆರಿಡಾ 1990ರ ದಶಕದಲ್ಲಿ ಆತಿಥ್ಯದ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ಬುಡದಿಂದ ಕೆದಕಿದ. ಬಂದವನ ಹೆಸರು ಕೇಳುವುದರಿಂದ ಆತಿಥ್ಯ ಶುರುವಾಗುತ್ತದೆಯೇ, ಅಥವಾ ಹೆಸರನ್ನೂ ಕೇಳದೆ ಒಳಗೆ ಕರೆಯುವುದರಿಂದಲೇ ಎಂಬುದು ಅವನ ಪ್ರಶ್ನೆ. ಯಾವ ಷರತ್ತೂ ಇಲ್ಲದ ಆತಿಥ್ಯ ಒಂದು ಕಡೆ; ಪಾಸ್‌ಪೋರ್ಟು, ವೀಸಾ, ಅವಧಿ, ಬಾಡಿಗೆಗಳ ಆತಿಥ್ಯ ಇನ್ನೊಂದು ಕಡೆ. ಮೊದಲನೆಯದನ್ನು ಯಾವ ದೇಶವೂ ಕಾನೂನು ಮಾಡಲಾರದು. ಅದರ ನೆನಪಿಲ್ಲದಿದ್ದರೆ ಎರಡನೆಯದು ಬರೀ ಪೊಲೀಸು ಕೆಲಸವಾಗುತ್ತದೆ. ಡೆರಿಡಾ ಈ ಎರಡರ ನಡುವಿನ ಎಳೆದಾಟವನ್ನು ಬಗೆಹರಿಸಲಿಲ್ಲ. ಬಗೆಹರಿಸಲು ಬರುವುದಿಲ್ಲವೆಂದೇ ಅವನ ನಿಲುವು.

ಚುಂಗ್‌ಕಿಂಗ್ ಮ್ಯಾನ್ಶನ್ಸ್‌ನಲ್ಲಿ ಈ ಎಳೆದಾಟಕ್ಕೆ ಮುಖಗಳಿವೆ. ಕಟ್ಟಡದ ಮೇಲಿನ ಮಹಡಿಯೊಂದರಲ್ಲಿ ಕ್ರಿಶ್ಚಿಯನ್ ಆಕ್ಷನ್ ಎಂಬ ಸಂಸ್ಥೆ ಆಶ್ರಯ ಬೇಡಿ ಬಂದವರಿಗಾಗಿ ಕೇಂದ್ರ ನಡೆಸುತ್ತ ಬಂದಿದೆ. ಸೊಮಾಲಿಯಾ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ಕಾಂಗೋ ಮುಂತಾದ ಕಡೆಗಳಿಂದ ಜೀವಭಯದಿಂದ ಓಡಿಬಂದವರು ಇವರು. ಮ್ಯಾಥ್ಯೂಸ್ ಅಲ್ಲಿ ಶನಿವಾರಗಳಂದು ವರ್ಷಗಟ್ಟಲೆ ಪಾಠ ಮಾಡಿದ್ದಾರೆ, ಚರ್ಚೆ ನಡೆಸಿದ್ದಾರೆ. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದವನ್ನು ಹಾಂಗ್‌ಕಾಂಗ್ ತನಗೆ ಅನ್ವಯಿಸಿಕೊಂಡಿಲ್ಲ. ಚಿತ್ರಹಿಂಸೆ, ಕಿರುಕುಳದ ಭಯವಿದೆಯೆಂದು ಅರ್ಜಿ ಕೊಟ್ಟವರನ್ನು ಪರಿಶೀಲಿಸುವ ಏಕೀಕೃತ ವ್ಯವಸ್ಥೆ ಬಂದದ್ದು 2014ರ ಮಾರ್ಚಿನಲ್ಲಿ. ಅಲ್ಲಿ ಗೆಲ್ಲುವ ಅರ್ಜಿಗಳು ನೂರಕ್ಕೆ ಒಂದರ ಆಸುಪಾಸು. ಗೆದ್ದವರಿಗೂ ಅಲ್ಲಿ ನೆಲೆಸುವ ಹಕ್ಕು ಸಿಗುವುದಿಲ್ಲ. ಬೇರೊಂದು ದೇಶ ಕರೆಯುವವರೆಗೆ ಕಾಯಬೇಕು. ತೀರ್ಮಾನ ಆಗುವವರೆಗೆ, ಅಂದರೆ ಎಷ್ಟೋ ಸಲ ವರ್ಷಗಳವರೆಗೆ, ದುಡಿಯುವಂತಿಲ್ಲ. ದುಡಿದು ಸಿಕ್ಕಿಬಿದ್ದರೆ ಜೈಲು. ಮನೆ ಬಾಡಿಗೆಗೆಂದು ವಯಸ್ಕರೊಬ್ಬರಿಗೆ ತಿಂಗಳಿಗೆ 1,500 ಹಾಂಗ್‌ಕಾಂಗ್ ಡಾಲರ್ ಎಂದು 2014ರಲ್ಲಿ ನಿಗದಿಯಾಯಿತು. ಜಗತ್ತಿನ ಅತಿ ದುಬಾರಿ ಊರುಗಳಲ್ಲೊಂದಾದ ಅಲ್ಲಿ ಆ ಮೊತ್ತಕ್ಕೆ ಗೆಸ್ಟ್‌ಹೌಸಿನ ಕೋಣೆ ಒಂದು ವಾರ ಸಿಕ್ಕರೆ ಹೆಚ್ಚು.

ಬಾಗಿಲಲ್ಲೇ ತಡೆಯುವ ಏರ್ಪಾಡೂ ಬಿಗಿಯಾಗುತ್ತ ಹೋಯಿತು. ಭಾರತೀಯರು ಹಿಂದೆ ಪಾಸ್‌ಪೋರ್ಟು ಹಿಡಿದು ನೇರ ಹೋಗಿ 14 ದಿನ ಇರಬಹುದಿತ್ತು. 2017ರ ಜನವರಿಯಿಂದ ಹೊರಡುವ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಂತು. ಕೌಂಟರಿನವನು ಕೇಳದ ಪ್ರಶ್ನೆಗಳನ್ನು ಈಗ ಸರ್ಕಾರ ಕೇಳುತ್ತದೆ.

ಕೈಯಲ್ಲಿ ಏನೂ ಇಲ್ಲದವರು ಆತಿಥ್ಯದ ಬಗ್ಗೆ ಏನು ಬಲ್ಲರು? ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಒಂದು ಉತ್ತರವಿದೆ. ಯುಧಿಷ್ಠಿರನ ಮಹಾಯಾಗ ಮುಗಿದ ಮೇಲೆ ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು, ಬರಗಾಲದಲ್ಲಿ ತಮ್ಮ ಪಾಲಿನ ಹಿಟ್ಟನ್ನೆಲ್ಲ ಹಸಿದ ಅತಿಥಿಗೆ ಬಡಿಸಿದ ಬಡ ಕುಟುಂಬದ ದಾನಕ್ಕೆ ಈ ಯಾಗ ಸಮವಲ್ಲ ಎನ್ನುತ್ತದೆ. 2013ರ ಜೂನಿನಲ್ಲಿ ಇಂಥದೇ ಒಂದು ಘಟನೆ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ಅಮೆರಿಕದ ಗುಪ್ತ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ನೇಥನ್ ರಸ್ತೆಯ ಹೋಟೆಲೊಂದನ್ನು ಬಿಟ್ಟು ತಲೆಮರೆಸಿಕೊಳ್ಳಬೇಕಾಯಿತು. ಅವನ ವಕೀಲರು ಅವನನ್ನು ಒಯ್ದದ್ದು ಶ್ರೀಲಂಕಾ, ಫಿಲಿಪ್ಪೀನ್ಸ್‌ಗಳಿಂದ ಬಂದು ಆಶ್ರಯಕ್ಕಾಗಿ ಕಾಯುತ್ತಿದ್ದವರ ಇಕ್ಕಟ್ಟಾದ ಮನೆಗಳಿಗೆ. ಜಗತ್ತೇ ಹುಡುಕುತ್ತಿದ್ದ ಮನುಷ್ಯನನ್ನು ಅವರು ಮನೆಯೊಳಗೆ ಇಟ್ಟುಕೊಂಡರು, ಉಣ್ಣಿಸಿದರು. 2016ರಲ್ಲಿ ಸುದ್ದಿ ಹೊರಬೀಳುವವರೆಗೆ ಮೂರು ವರ್ಷ ಬಾಯಿ ಬಿಡಲಿಲ್ಲ. ಸ್ವತಃ ನಿಲ್ಲಲು ನೆಲೆಯಿಲ್ಲದವರು ಅಪರಿಚಿತನಿಗೆ ನೆಲೆ ಕೊಟ್ಟರು. ಅದರಿಂದ ತಮಗೆ ಕಾದಿದ್ದ ಅಪಾಯ ಅವರಿಗೆ ಚಿಕ್ಕದಾಗಿರಲಿಲ್ಲ. ಅವರಲ್ಲಿ ಒಬ್ಬ ತಾಯಿ ಮತ್ತು ಅವಳ ಮಗಳಿಗೆ 2019ರಲ್ಲಿ ಕೆನಡಾ ಆಶ್ರಯ ಕೊಟ್ಟಿತು.

ಅದೇ 2019ರ ಅಕ್ಟೋಬರ್ 20ರಂದು ಇನ್ನೊಂದು ಸಂಗತಿ ನಡೆಯಿತು. ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ಪ್ರತಿಭಟನೆ ಕಾವೇರಿದ್ದ ದಿನಗಳು. ಕೆಲವು ದಿನ ಮುಂಚೆ ಚಳವಳಿಯ ನಾಯಕನೊಬ್ಬನ ಮೇಲೆ ಹಲ್ಲೆಯಾಗಿ, ಹೊಡೆದವರು ದಕ್ಷಿಣ ಏಷ್ಯಾದವರೆಂಬ ಸುದ್ದಿ ಹಬ್ಬಿತ್ತು. ಚುಂಗ್‌ಕಿಂಗ್ ಮ್ಯಾನ್ಶನ್ಸ್‌ನ ಮೇಲೆ, ಮಸೀದಿಯ ಮೇಲೆ ಸೇಡಿನ ದಾಳಿಯಾದೀತೆಂಬ ಅಂಜಿಕೆ. ಆ ದಿನ ನೇಥನ್ ರಸ್ತೆಯಲ್ಲಿ ಮೆರವಣಿಗೆ ಬಂದಾಗ ಕಟ್ಟಡದ ಬಾಗಿಲಲ್ಲಿ ದಕ್ಷಿಣ ಏಷ್ಯಾ ಮೂಲದವರು ನೀರಿನ ಬಾಟಲಿಗಳನ್ನು ಹಿಡಿದು ನಿಂತಿದ್ದರು. ನಡೆದು ಬಂದ ಚೀನೀ ಯುವಕರಿಗೆ ಹಂಚಿದರು. ಜನ ಕೇಕೆ ಹಾಕಿ ಅವರನ್ನು ಅಭಿನಂದಿಸಿದರು. ಮಸೀದಿಗೆ ಆ ದಿನ ಹಾನಿ ಮಾಡಿದ್ದು ಪೊಲೀಸರ ಜಲಫಿರಂಗಿ; ಅದರ ನೀಲಿ ಬಣ್ಣದ ನೀರು ಗೇಟಿಗೂ ಮೆಟ್ಟಿಲಿಗೂ ಬಡಿಯಿತು. ಮಾರನೆಯ ದಿನ ಮುಖ್ಯಾಡಳಿತಗಾರ್ತಿ ಕ್ಯಾರಿ ಲ್ಯಾಮ್ ಮಸೀದಿಗೆ ಹೋಗಿ ಕ್ಷಮೆ ಕೇಳಿದರು. ದಶಕಗಳಿಂದ ಹೊರಗಿನವರೆನಿಸಿಕೊಂಡವರು ಆ ಮಧ್ಯಾಹ್ನ ಊರಿಗೇ ಮನೆಯವರಾಗಿದ್ದರು. ಬಾಡಿಗೆ, ವ್ಯಾಪಾರ, ಚೌಕಾಸಿಗಳಲ್ಲೇ ದಿನ ಕಳೆಯುವ ಜಾಗದಿಂದ ಆ ನೀರು ಬಂತೆಂಬುದು, ದುಡ್ಡಿನ ಸಂಬಂಧ ಮನುಷ್ಯ ಸಂಬಂಧವನ್ನು ಒಣಗಿಸುತ್ತದೆ ಎನ್ನುವವರು ಗಮನಿಸಬೇಕಾದ ಸಂಗತಿ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಮಾತು ನಿಚ್ಚಳವಾಗುತ್ತದೆ. ಆಶ್ರಯ ಕೇಳಿ ಬಂದವನಿಂದ ಹಾಂಗ್‌ಕಾಂಗ್ ಕಸಿದುಕೊಂಡಿರುವುದು ಹಾಸಿಗೆಯನ್ನಲ್ಲ, ಹಾಸಿಗೆಗೆ ತಾನೇ ದುಡ್ಡು ಕೊಡುವ ಶಕ್ತಿಯನ್ನು. ಅರ್ಜಿ ಗೆದ್ದು ಮರುವಸತಿಗೆ ಕಾಯುತ್ತಿರುವವರಿಗೂ ಅಲ್ಲಿ ದುಡಿಯುವ ಸಾಂವಿಧಾನಿಕ ಹಕ್ಕಿಲ್ಲವೆಂದು 2014ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತಿತು. ಕೆಳಗಿನ ಕೌಂಟರಿನಲ್ಲಿ ನೈಜೀರಿಯಾದ ವ್ಯಾಪಾರಿ ತಲೆಯೆತ್ತಿ ಬಾಡಿಗೆ ಕೊಡುತ್ತಾನೆ. ಮೇಲಿನ ಮಹಡಿಯಲ್ಲಿ ಅದೇ ಖಂಡದಿಂದ ಓಡಿಬಂದವನು ಬೇಳೆ ಅಕ್ಕಿಗೂ ಕೈಚಾಚಬೇಕು. ಇಬ್ಬರ ನಡುವಿನ ವ್ಯತ್ಯಾಸ ಗುಣದಲ್ಲಿಲ್ಲ, ಶ್ರಮದಲ್ಲಿಲ್ಲ, ಒಂದು ಮುದ್ರೆಯಲ್ಲಿದೆ. ಕಾಯುವವರಿಗೆ ದುಡಿಯಲು ಬಿಡದ ದೇಶ ಅವರನ್ನು ಅತಿಥಿಯೆಂದೂ ಕಂಡಿಲ್ಲ, ಗಿರಾಕಿಯೆಂದೂ ಕಂಡಿಲ್ಲ.

ಇದನ್ನು ಹಾಂಗ್‌ಕಾಂಗ್‌ನ ತಪ್ಪೆಂದು ಓದಿ ಮಗುಚಿಡುವ ಹಾಗಿಲ್ಲ. 1951ರ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೂ ಕರ್ನಾಟಕಕ್ಕೆ ಒಂದು ಒಳ್ಳೆಯ ನೆನಪಿದೆ. ಚುಂಗ್‌ಕಿಂಗ್ ಮ್ಯಾನ್ಶನ್ಸ್ ಮೇಲೇಳುತ್ತಿದ್ದ ವರ್ಷಗಳಲ್ಲೇ, ಟಿಬೆಟಿನಿಂದ ಓಡಿಬಂದವರಿಗಾಗಿ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಒಪ್ಪಂದದ ಬಲವಂತವಿರಲಿಲ್ಲ. ಬಂದವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಶಾಲೆ ಮಠಗಳನ್ನು ಕಟ್ಟಿದರು, ಸ್ವೆಟರ್ ಮಾರಲು ಊರೂರಿಗೆ ಹೋದರು. ಅವರಿಗೆ ಸಿಕ್ಕದ್ದು ಊಟದ ಚೀಟಿಯಲ್ಲ, ಉಳುವ ನೆಲ. ಇಂದು ನಮ್ಮ ಊರುಗಳಿಗೆ ಬರುತ್ತಿರುವ ಬೇರೆ ಬೇರೆ ದೇಶದವರ ವಿಷಯದಲ್ಲಿ ಕಾನೂನು ಮಾಡುವ ದಿನ ಬಂದಾಗ ಕನ್ನಡಿಗರು ಬೈಲಕುಪ್ಪೆಯನ್ನು ಎದುರಿಗಿಟ್ಟುಕೊಂಡು ಮಾತಾಡಲಿ. ಅದಕ್ಕೂ ಮುಂಚೆ, ಮನೆಯ ಮೇಲಿನ ಪೋರ್ಷನ್ ಕೇಳಿಕೊಂಡು ಬಂದವರಿಗೆ ಬಾಡಿಗೆ ಎಷ್ಟೆಂದು ಹೇಳಿ, ಜಾತಿ ಯಾವುದೆಂದು ಕೇಳುವುದನ್ನು ಬಿಡಲಿ.